ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್: ಘಾಟಿ ಬುಡದ ರೈಲು ನಿಲ್ದಾಣದ ಒಂದು ವಿಮರ್ಶೆ

ಕುಕ್ಕೆಗೆ ರೈಲಿನಲ್ಲಿ ಹೋಗುವವರು ಟಿಕೆಟ್ ಮಾಡಿಸುವುದು ಸುಬ್ರಹ್ಮಣ್ಯ ರೋಡ್‌ಗೆ, ಇಳಿಯುವುದು ನೆಟ್ಟಣದಲ್ಲಿ. ದಕ್ಷಿಣ ಕನ್ನಡದ ಕಡಬ ತಾಲ್ಲೂಕಿನ ಈ ಹಳ್ಳಿಯಿಂದ ದೇವಸ್ಥಾನಕ್ಕೆ ಸುಮಾರು 12 ಕಿ.ಮೀ. ಸುತ್ತ ಅಡಿಕೆ ತೋಟ, ರಬ್ಬರ್, ಅದರಾಚೆ ಕಾಡು. ಹೆಸರಿನ ಬಲದ ಮೇಲೆ ಯಾತ್ರಾ ಸ್ಥಳದ ದೊಡ್ಡ ನಿಲ್ದಾಣವನ್ನು ನಿರೀಕ್ಷಿಸಿ ಬಂದವರು ಇಳಿದ ಕೂಡಲೇ ಗೊಣಗುವುದುಂಟು. ಇದು ಘಾಟಿ ಹತ್ತುವ ಎಂಜಿನ್‌ಗಳಿಗಾಗಿ ಬೆಳೆದ ಸ್ಟೇಷನ್. ಭಕ್ತರ ಸೌಕರ್ಯ ಆಮೇಲೆ ಸೇರಿಕೊಂಡದ್ದು. ಇಷ್ಟು ತಿಳಿದಿದ್ದರೆ ರೈಲು ಇಲ್ಲಿ ಯಾಕೆ ಅಷ್ಟು ಹೊತ್ತು ನಿಲ್ಲುತ್ತದೆ, ಮಳೆಗಾಲದಲ್ಲಿ ಯಾಕೆ ತಡವಾಗುತ್ತದೆ, ಸ್ಟೇಷನ್ ಹೊರಗೆ ಸಾರಿಗೆ ಯಾಕೆ ತೆಳು ಎಂಬುದಕ್ಕೆಲ್ಲ ಉತ್ತರ ಸಿಗುತ್ತದೆ.

ಮಂಗಳೂರಿಗೆ ಕೇರಳದ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಘಟ್ಟದ ಮೇಲಿನ ಕರ್ನಾಟಕದಿಂದ ನೇರ ಹಳಿ ಬರಲು ಮತ್ತೆ ಎಪ್ಪತ್ತು ವರ್ಷ ಬೇಕಾಯಿತು. 189 ಕಿ.ಮೀ. ಉದ್ದದ ಹಾಸನ–ಮಂಗಳೂರು ಮೀಟರ್ ಗೇಜ್ ದಾರಿ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಬಳಕೆಗೆ ಬಂದು ಎರಡು ದಶಕವೂ ತುಂಬುವ ಮೊದಲೇ, 1990ರ ದಶಕದ ನಡುವೆ, ಬ್ರಾಡ್ ಗೇಜ್ (ಅಗಲ ಹಳಿ) ಮಾಡಲೆಂದು ಅದನ್ನು ಮುಚ್ಚಿದರು. ಕೆಲಸ ಕುಂಟುತ್ತ ಸಾಗಿದಾಗ ರೈಲ್ವೆ ಮತ್ತು ಕರ್ನಾಟಕ ಸರ್ಕಾರ ಪಾಲುದಾರರಾಗಿ 2003ರಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿಯನ್ನೇ ಕಟ್ಟಬೇಕಾಯಿತು. ಗೂಡ್ಸ್ ಗಾಡಿ ಓಡಿದ್ದು 2006ರ ಮೇ ತಿಂಗಳಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ಅಂದರೆ ಒಂದು ತಲೆಮಾರಿನ ಮಕ್ಕಳು ಈ ಊರಿನಲ್ಲಿ ಘಟ್ಟ ಹತ್ತುವ ರೈಲನ್ನೇ ನೋಡದೆ ಹೈಸ್ಕೂಲು ಮುಗಿಸಿದರು. ಅಷ್ಟರಲ್ಲಿ ಜನ ಬಸ್ಸಿಗೆ ಒಗ್ಗಿಹೋದರು. ಕುಕ್ಕೆಯ ಹೋಟೆಲು, ವಸತಿಗೃಹ, ಟ್ಯಾಕ್ಸಿ ಎಲ್ಲವೂ ಬಸ್‌ಸ್ಟ್ಯಾಂಡಿನ ಸುತ್ತ ಬೆಳೆದವು. ನೆಟ್ಟಣದ ಪಾಲಿಗೆ ಉಳಿದದ್ದು ಕಡಿಮೆ.

2017ರಲ್ಲಿ ಶ್ರವಣಬೆಳಗೊಳ–ಕುಣಿಗಲ್–ನೆಲಮಂಗಲ ದಾರಿ ಪೂರ್ತಿಯಾದ ಮೇಲೆ ಬೆಂಗಳೂರಿನ ರೈಲುಗಳಿಗೆ ಮೈಸೂರನ್ನೋ ಅರಸೀಕೆರೆಯನ್ನೋ ಸುತ್ತುವ ಕಷ್ಟ ತಪ್ಪಿತು. ಈಗ ಸಮಯ ತಿನ್ನುವುದು ಒಂದೇ ತುಂಡು: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.

ಈ ತುಂಡಿನ ಲೆಕ್ಕ ಹೀಗಿದೆ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. 57 ಸುರಂಗ, ಸಣ್ಣದು ದೊಡ್ಡದು ಸೇರಿ ಇನ್ನೂರಕ್ಕೂ ಹೆಚ್ಚು ಸೇತುವೆ, ನೂರಕ್ಕೂ ಹೆಚ್ಚು ತಿರುವು. ಹಳಿ ಒಂದೇ. ಎದುರು ಬದುರಾಗುವ ರೈಲುಗಳು ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲುಗಳಲ್ಲಿ ಮಾತ್ರ ಒಂದಕ್ಕೊಂದು ದಾರಿ ಬಿಡಬೇಕು. ವೇಗದ ಮಿತಿ ಗಂಟೆಗೆ 30 ಕಿ.ಮೀ. ಎರಡೂವರೆ ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಂಡೇ ಹೊರಡಿ. ಕ್ರಾಸಿಂಗ್ ಸಿಕ್ಕಿಬಿದ್ದರೆ ಇನ್ನೂ ಹೆಚ್ಚು.

ಇನ್ನು ಸ್ಟೇಷನ್ನಿನ ನಿಜವಾದ ಕಸುಬು. ಮಂಗಳೂರು ಕಡೆಯಿಂದ ಬಂದ ರೈಲು ಇಲ್ಲಿ ನಿಂತಾಗ ಹಿಂದಿನ ತುದಿಗೆ ಬ್ಯಾಂಕರ್ ಎಂಜಿನ್‌ಗಳನ್ನು ಸೇರಿಸುತ್ತಾರೆ. ಮುಂದಿನ ಎಂಜಿನ್ ಎಳೆಯುತ್ತದೆ, ಬ್ಯಾಂಕರ್ ಹಿಂದಿನಿಂದ ದೂಡುತ್ತದೆ. ಎಲ್ಲ ಎಂಜಿನ್‌ಗಳನ್ನೂ ಮುಂದೆಯೇ ಕಟ್ಟಿ ಎಳೆಯಬಾರದೇ ಎಂದು ಪ್ಲಾಟ್‌ಫಾರಂನಲ್ಲಿ ನಿಂತವರು ಕೇಳುತ್ತಿರುತ್ತಾರೆ. ಹಾಗೆ ಮಾಡಿದರೆ ಇಡೀ ರೈಲಿನ ಭಾರ ಮುಂದಿನ ಕೆಲವು ಕಪ್ಲಿಂಗ್‌ಗಳ (ಬೋಗಿಗಳನ್ನು ಬೆಸೆಯುವ ಕೊಂಡಿಗಳ) ಮೇಲೆ ಬೀಳುತ್ತದೆ, ತುಂಡಾಗುವ ಭಯ. ಗೂಡ್ಸ್ ಗಾಡಿಗಾದರೆ ಇನ್ನೊಂದು ಅಪಾಯವಿದೆ: ಬಿಗಿ ತಿರುವಿನಲ್ಲಿ ಮುಂದಿನಿಂದಷ್ಟೇ ಜೋರಾಗಿ ಎಳೆದಾಗ ನಡುವಿನ ಹಗುರ ವ್ಯಾಗನ್‌ಗಳು ಒಳಬದಿಗೆ ಸೆಳೆದು ಹಳಿ ತಪ್ಪಬಹುದು. ಹಿಂದೆ ಎಂಜಿನ್ ಇದ್ದರೆ ಆ ಬಲ ಹಂಚಿಹೋಗುತ್ತದೆ. ಒಂದು ವೇಳೆ ಕಪ್ಲಿಂಗ್ ಬಿಟ್ಟರೂ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳದಂತೆ ಅದೇ ತಡೆಯುತ್ತದೆ.

ಕೊನೆಯ ಬೋಗಿಯ ಹತ್ತಿರ ಸೀಟು ಸಿಕ್ಕಿದ್ದರೆ ಈ ಕೆಲಸವನ್ನು ನೋಡಬಹುದು, ನೋಡಲೇಬೇಕಾದದ್ದು ಕೂಡ. ಬ್ಯಾಂಕರ್ ನಡಿಗೆಗಿಂತ ನಿಧಾನವಾಗಿ ಹತ್ತಿರ ಬರುತ್ತದೆ. ಎಂಜಿನ್ ಜೋಡಿಸುವ ಸಿಬ್ಬಂದಿ, ಪಾಯಿಂಟ್ಸ್‌ಮನ್, ಕೈಸನ್ನೆ ಮಾಡಿ ಸ್ವಲ್ಪ ದೂರದಲ್ಲಿ ನಿಲ್ಲಿಸಿ, ನೋಡಿ, ಮತ್ತೆ ಕರೆಯುತ್ತಾನೆ. ಕಪ್ಲಿಂಗ್ ಕಚ್ಚಿಕೊಂಡಾಗ ಇಡೀ ರೈಲಿಗೆ ಒಂದು ಕುಲುಕು ಬರುತ್ತದೆ. ಮೇಲಿನ ಬರ್ತಿನಿಂದ ಇಳಿಯುತ್ತಿರುವವರು, ಬಾಗಿಲ ಬಳಿ ಮಗುವನ್ನು ಎತ್ತಿಕೊಂಡವರು, ಲೋಟದಲ್ಲಿ ಬಿಸಿ ಚಹಾ ಹಿಡಿದವರು ಆ ಹೊತ್ತಿಗೆ ಏನನ್ನಾದರೂ ಹಿಡಿದುಕೊಂಡಿರಬೇಕು. ಆಮೇಲೆ ಬ್ರೇಕಿನ ಗಾಳಿಯ ಹೋಸ್ ಪೈಪನ್ನು ಜೋಡಿಸಿ ಕಾಕ್ (ಗಾಳಿಯ ನಲ್ಲಿ) ತೆರೆಯುತ್ತಾರೆ. ‘ಸ್‌ಸ್’ ಎಂದು ಗಾಳಿ ಹರಿಯುವುದು ಪ್ಲಾಟ್‌ಫಾರಂಗೂ ಕೇಳುತ್ತದೆ. ಬ್ರೇಕ್ ಪೈಪಿನಲ್ಲಿ ಒತ್ತಡ ಎಂಜಿನ್ ಕಡೆ ಚದರ ಸೆಂಟಿಮೀಟರಿಗೆ 5 ಕಿಲೋಗೆ ಬರಬೇಕು. ಮುಂದಿನ ಲೋಕೊ ಪೈಲಟ್ ಬ್ರೇಕ್ ಹಾಕಿದಾಗ ಹಿಂದಿನ ಮೀಟರಿನಲ್ಲೂ ಮುಳ್ಳು ಇಳಿಯಬೇಕು, ಬಿಟ್ಟಾಗ ಏರಬೇಕು. ಎಲ್ಲೋ ಒಂದು ಕಾಕ್ ಅರ್ಧ ಮುಚ್ಚಿದ್ದರೆ ಅಥವಾ ಹೋಸ್ ಸೋರುತ್ತಿದ್ದರೆ ಮುಳ್ಳು ನಿಲ್ಲುವುದಿಲ್ಲ. ಆಗ ಬೋಗಿ ಬೋಗಿಯಾಗಿ ಹುಡುಕಬೇಕು. ‘ಸಿಗ್ನಲ್ ಕೊಟ್ಟರೂ ಯಾಕೆ ಬಿಡುತ್ತಿಲ್ಲ’ ಎಂದು ಜನ ಸಿಡಿಮಿಡಿಗೊಳ್ಳುವ ಹತ್ತು ಹದಿನೈದು ನಿಮಿಷ ಬಹುತೇಕ ಇದಕ್ಕೇ ಹೋಗುತ್ತದೆ. 50ಕ್ಕೆ 1ರ ಇಳಿಜಾರಿನಲ್ಲಿ ಬ್ರೇಕ್ ಸರಿಯಿಲ್ಲದ ಗಾಡಿ ಬಿಡುವುದಕ್ಕಿಂತ ಇಲ್ಲಿ ಅರ್ಧ ಗಂಟೆ ಕಾಯುವುದು ವಾಸಿ.

ಬೆಂಗಳೂರು ಕಡೆಯಿಂದ ಇಳಿದು ಬರುವ ರೈಲಿಗೆ ಇದೇ ಕೆಲಸ ತಿರುಗುಮುರುಗು. ಸಕಲೇಶಪುರದಲ್ಲಿ ಸೇರಿಸಿಕೊಂಡ ಎಂಜಿನ್‌ಗಳನ್ನು ಇಲ್ಲಿ ಕಳಚುತ್ತಾರೆ. ಇಳಿಯುವಾಗ ಅವುಗಳ ಕೆಲಸ ದೂಡುವುದಲ್ಲ, ತಡೆಯುವುದು. ಚಕ್ರಕ್ಕೆ ಬ್ರೇಕ್ ಬ್ಲಾಕ್ ಒತ್ತಿಯೇ 55 ಕಿ.ಮೀ. ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದರ ಬದಲು ಎಂಜಿನ್ನಿನ ಮೋಟಾರುಗಳನ್ನೇ ಡೈನಮೋದಂತೆ ತಿರುಗಿಸಿ ವೇಗ ತಗ್ಗಿಸುತ್ತಾರೆ. ಇದಕ್ಕೆ ಡೈನಮಿಕ್ ಬ್ರೇಕ್ ಎನ್ನುತ್ತಾರೆ. ಇಷ್ಟಾದ ಮೇಲೂ ಗಾಡಿ ಕೈಮೀರಿದರೆ ಎಂದು ಘಾಟಿಯಲ್ಲಿ ಕ್ಯಾಚ್ ಸೈಡಿಂಗ್‌ಗಳಿವೆ. ಮುಖ್ಯ ಹಳಿಯಿಂದ ಕವಲೊಡೆದು ಏರಿಗೆ ಹೋಗಿ ಮುಗಿಯುವ ಹಳಿ ಅದು. ಓಡಿಬಂದ ಗಾಡಿ ಅಲ್ಲಿ ಹತ್ತಿ ತಾನಾಗಿಯೇ ನಿಲ್ಲಬೇಕು.

ಪ್ರಯಾಣಿಕರಿಗೆ ಇದರಿಂದ ಒಂದು ಲಾಭವೂ ಇದೆ. ಸುತ್ತಲಿನ ಹಳ್ಳಿ ಸ್ಟೇಷನ್‌ಗಳಲ್ಲಿ ರೈಲು ಒಂದೆರಡು ನಿಮಿಷ ನಿಂತು ಹೊರಡುತ್ತದೆ. ಇಲ್ಲಿ ವಯಸ್ಸಾದ ತಂದೆ ತಾಯಿಯನ್ನು, ಚೀಲ ಗಂಟುಗಳನ್ನು ಆತುರವಿಲ್ಲದೆ ಇಳಿಸಿಕೊಳ್ಳಬಹುದು. ಆದರೆ ‘ಹೇಗೂ ಹೊತ್ತು ನಿಲ್ಲುತ್ತದಲ್ಲ’ ಎಂದು ಹೊರಗೆ ತಿಂಡಿಗೆ ಹೋಗಬೇಡಿ. ಎಂಜಿನ್ ಮೊದಲೇ ಸಜ್ಜಾಗಿ ನಿಂತಿದ್ದರೆ ಕೆಲಸ ಬೇಗ ಮುಗಿಯುತ್ತದೆ. ರೈಲು ನಿಮಗಾಗಿ ಕಾಯುತ್ತಿರುವುದಿಲ್ಲ.

ಯಾವ ರೈಲು ಹಿಡಿಯಬೇಕು

ಬೆಂಗಳೂರಿನಿಂದ ರಾತ್ರಿ ರೈಲುಗಳು ಹಲವು, ಆದರೆ ಕುಕ್ಕೆಗೆ ಎಲ್ಲವೂ ಒಂದೇ ಅಲ್ಲ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೇಗ ಹೊರಡುತ್ತದೆ, ಸೀಟೂ ಸಿಗುತ್ತದೆ ಎಂದು ಕೆಲವರು ಅದನ್ನು ಆರಿಸುತ್ತಾರೆ. ಅದು ನೆಟ್ಟಣ ಮುಟ್ಟುವುದು ನಡುರಾತ್ರಿ ದಾಟಿದ ಮೇಲೆ. ಆ ಹೊತ್ತಿಗೆ ಬಸ್ಸಿಲ್ಲ, ಮೊದಲೇ ಹೇಳಿಡದಿದ್ದರೆ ಗಾಡಿಯೂ ಇಲ್ಲ; ಬೆಳಗಾಗುವವರೆಗೆ ಬೆಂಚೇ ಗತಿ. ಕುಟುಂಬದೊಂದಿಗೆ ಬರುವವರಿಗೆ ಇದು ಬೇಡ. ಕಣ್ಣೂರು ಕಡೆಯ ರೈಲು ಮತ್ತು ಮೈಸೂರು ಮೇಲೆ ಬರುವ ಮುರ್ಡೇಶ್ವರ ಎಕ್ಸ್‌ಪ್ರೆಸ್ ನಸುಕಿನಿಂದ ಬೆಳಗಿನೊಳಗೆ ತಲುಪುತ್ತವೆ. ಇವೆರಡರಲ್ಲಿ ತಡವಾಗಿ ಮುಟ್ಟುವುದೇ ಮೇಲು, ಕುಕ್ಕೆಗೆ ಹೋಗುವ ಮೊದಲ ಬಸ್ಸು ಸಿಗುವ ಹೊತ್ತು ಅದು. ಪಂಚಗಂಗಾದ ಬಗ್ಗೆ ಇನ್ನೊಂದು ಮಾತು: ಅದು ಪಡೀಲ್ ಬೈಪಾಸ್ ಹಿಡಿದು ಸುರತ್ಕಲ್ ಕಡೆಗೆ ಹೋಗುತ್ತದೆ, ಮಂಗಳೂರು ಸೆಂಟ್ರಲ್‌ಗಾಗಲಿ ಜಂಕ್ಷನ್‌ಗಾಗಲಿ ಹೋಗುವುದಿಲ್ಲ. ನೆಟ್ಟಣದಿಂದ ಮಂಗಳೂರಿಗೆಂದು ಅದನ್ನು ಹತ್ತಿದವರು ಬಂಟ್ವಾಳದಲ್ಲೇ ಇಳಿದು ಬಸ್ಸು ಹಿಡಿಯಬೇಕಾಗುತ್ತದೆ.

ಹಗಲು ರೈಲು ಯಶವಂತಪುರದಿಂದ ಬೆಳಗ್ಗೆ 7ರ ಸುಮಾರಿಗೆ ಹೊರಟು ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಇಲ್ಲಿಗೆ ಬರುತ್ತದೆ. ವಾರದ ಕೆಲವು ದಿನ ಅದು ಗೋಮಟೇಶ್ವರ ಎಕ್ಸ್‌ಪ್ರೆಸ್ ಆಗಿ ಮಂಗಳೂರು ಜಂಕ್ಷನ್‌ಗೆ, ಕೆಲವು ದಿನ ಕಾರವಾರಕ್ಕೆ. ಮೆಜೆಸ್ಟಿಕ್‌ಗೆ ಹೋಗಿ ಕಾದು ರೈಲು ತಪ್ಪಿಸಿಕೊಳ್ಳುವವರು ಈಗಲೂ ಇದ್ದಾರೆ. ಟಿಕೆಟಿನ ಮೇಲೆ ಹತ್ತುವ ಸ್ಟೇಷನ್ ನೋಡಿಕೊಳ್ಳಿ. ಘಾಟಿ ನೋಡಬೇಕೆಂದರೆ ಈ ರೈಲೇ ಆಗಬೇಕು. 2021ರ ಜುಲೈಯಿಂದ ಇದಕ್ಕೆ ವಿಸ್ಟಾಡೋಮ್ ಬೋಗಿ ಜೋಡಿಸಿದ್ದಾರೆ: 44 ಸೀಟು, ಅಗಲವಾದ ಕಿಟಕಿ, ಮಾಡಿನಲ್ಲೂ ಗಾಜು, ತಿರುಗಿಸಬಹುದಾದ ಕುರ್ಚಿ. ದರ ಮಾಮೂಲಿ ಕುರ್ಚಿ ಬೋಗಿಗಿಂತ ಎಷ್ಟೋ ಪಟ್ಟು. ಕೊಟ್ಟ ದುಡ್ಡಿಗೆ ತಕ್ಕದ್ದೇ? ಜೂನ್‌ನಿಂದ ಅಕ್ಟೋಬರ್‌ವರೆಗೆ ಹೌದು, ಮಳೆ ನೆನೆಯದೆ ಜಲಪಾತ ನೋಡಬಹುದು. ಮಾರ್ಚ್–ಏಪ್ರಿಲ್‌ನಲ್ಲಿ ಮೇಲಿನ ಗಾಜಿನಿಂದ ಬಿಸಿಲು ನೆತ್ತಿಗೆ ಹೊಡೆಯುತ್ತದೆ, ಕಾಡೂ ಒಣಗಿರುತ್ತದೆ. ಆಗ ಸಾಮಾನ್ಯ ಬೋಗಿಯ ತೆರೆದ ಕಿಟಕಿಯೇ ಚೆನ್ನ. ಬೆಂಗಳೂರಿನಿಂದ ಬರುವಾಗ ಕಣಿವೆ ಹೆಚ್ಚಾಗಿ ಬಲಕ್ಕೆ, ಹಿಂದಿರುಗುವಾಗ ಎಡಕ್ಕೆ. ಸೀಟು ನಂಬರ್ ನೋಡಿ ಬದಿ ಹೇಳಲಾಗದು, ಬೋಗಿಯನ್ನು ಯಾವ ಮುಖವಾಗಿ ಜೋಡಿಸಿದ್ದಾರೆ ಎಂಬುದರ ಮೇಲೆ ಅದು ಬದಲಾಗುತ್ತದೆ.

ಸಕಲೇಶಪುರದಲ್ಲೇ ತಿಂಡಿ, ನೀರು ತೆಗೆದುಕೊಂಡು ಬಿಡಿ. ನಡುವಿನ ನಾಲ್ಕು ಸ್ಟೇಷನ್‌ಗಳು ಕಾಡಿನೊಳಗಿನ ಕ್ರಾಸಿಂಗ್‌ಗಳು, ಅಲ್ಲಿ ಕೊಳ್ಳಲು ಏನೂ ಸಿಗದು. ಫೋನು ಸಿಗ್ನಲ್ ಕೂಡ ಬಂದರೆ ಬಂತು. ಕರೆದೊಯ್ಯಲು ಬರುವವರಿಗೆ ‘ಸಕಲೇಶಪುರ ಬಿಟ್ಟೆ’ ಎಂದು ಅಲ್ಲೇ ತಿಳಿಸಿ, ಎರಡೂವರೆ ಗಂಟೆ ಸೇರಿಸಿಕೊಳ್ಳಲು ಹೇಳಿ.

ಮಂಗಳೂರು ಕಡೆಯವರಿಗೆ ಈಚಿನ ಒಳ್ಳೆಯ ಸುದ್ದಿ ಪ್ಯಾಸೆಂಜರ್ ರೈಲು. ವರ್ಷಗಟ್ಟಲೆ ಕಬಕ ಪುತ್ತೂರಿಗೇ ನಿಂತುಬಿಡುತ್ತಿದ್ದ ಮಂಗಳೂರು ಸೆಂಟ್ರಲ್ ಪ್ಯಾಸೆಂಜರನ್ನು 2025ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ಎಳೆದರು. ಮಂಗಳೂರಿನಿಂದ ಬೆಳಗಿನ ಜಾವ ಒಂದು, ಸಂಜೆ ಒಂದು. ಇಲ್ಲಿಂದ ಬೆಳಗ್ಗೆ ಒಂದು, ರಾತ್ರಿ ಒಂದು. ಕಾಲೇಜು, ಆಸ್ಪತ್ರೆ, ಕೋರ್ಟಿನ ಕೆಲಸಕ್ಕೆ ಹೋಗುವ ಕಡಬ, ಎಡಮಂಗಲ, ನರಿಮೊಗರು ಸುತ್ತಿನವರಿಗೆ ಬೆಳಗಿನ ಗಾಡಿ ತುಂಬಾ ಅನುಕೂಲ. ಬಸ್ಸಿನ ದರದ ಸಣ್ಣ ಪಾಲಿನಲ್ಲಿ ಊರು ಸೇರಬಹುದು. ಕುಕ್ಕೆಗೆ ಬರುವ ಮಂಗಳೂರಿನವರಿಗೆ ಸಂಜೆಯ ಗಾಡಿ ಅಷ್ಟು ಉಪಯೋಗಕ್ಕಿಲ್ಲ. ಇದು ಇಲ್ಲಿಗೆ ಮುಟ್ಟುವಾಗ ದೇವಸ್ಥಾನದ ಬಾಗಿಲು ಹಾಕುವ ಹೊತ್ತು. ಬೆಳಗಿನ ಜಾವದ್ದನ್ನು ಹಿಡಿದರೆ ದರ್ಶನ ಮುಗಿಸಿ, ಮಧ್ಯಾಹ್ನದ ಅನ್ನಪ್ರಸಾದ ಉಂಡು, ಬಸ್ಸಿನಲ್ಲಿ ಹಿಂದಿರುಗಬಹುದು.

ಟಿಕೆಟ್ ಹುಡುಕುವಾಗ ಹಾಕಬೇಕಾದ ಕೋಡ್ ಎಸ್‌ಬಿಎಚ್‌ಆರ್. ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಚಂಪಾಷಷ್ಠಿ, ದಸರಾ ರಜೆ, ಬೇಸಿಗೆ ರಜೆಯ ವಾರಾಂತ್ಯಕ್ಕೆ ತೆರೆದ ದಿನವೇ ಮಾಡಿದರೆ ಸ್ಲೀಪರ್ ಸಿಗುತ್ತದೆ. ತತ್ಕಾಲ್ ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರಿಗೆ 11ಕ್ಕೆ. ಈಗ ಆನ್‌ಲೈನ್‌ನಲ್ಲಿ ಆಧಾರ್ ಜೋಡಿಸಿದ ಖಾತೆ ಇಲ್ಲದಿದ್ದರೆ ಆಗುವುದಿಲ್ಲ. ಒಂದು ಉಪಾಯ: ಸುಬ್ರಹ್ಮಣ್ಯ ರೋಡ್‌ಗೆ ವೇಟಿಂಗ್ ತೋರಿಸಿದರೆ ಕಬಕ ಪುತ್ತೂರು ಅಥವಾ ಮಂಗಳೂರಿನವರೆಗೆ ನೋಡಿ. ಕೋಟಾ ಬೇರೆಯಾಗಿರುವುದರಿಂದ ಕೆಲವೊಮ್ಮೆ ಸೀಟು ಇರುತ್ತದೆ. ಸ್ವಲ್ಪ ಹೆಚ್ಚು ದರ ಕೊಟ್ಟು ನಡುವೆ ಇಳಿಯಲು ಅಡ್ಡಿಯಿಲ್ಲ. ಹತ್ತುವ ಸ್ಟೇಷನ್ ಬದಲಿಸುವುದಾದರೆ ಮಾತ್ರ ಮೊದಲೇ ಬೋರ್ಡಿಂಗ್ ಪಾಯಿಂಟ್ ಬದಲಾಯಿಸಿ, ಇಲ್ಲದಿದ್ದರೆ ಟಿಟಿಇ ನಿಮ್ಮ ಸೀಟನ್ನು ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ.

ಸ್ಟೇಷನ್ನಿನಿಂದ ಹೊರಗೆ

ಇಲ್ಲಿ ಅಂಕ ಕಡಿಮೆಯಾಗುತ್ತದೆ. ಕೈಕಂಬ, ಕುಲ್ಕುಂದದ ಮೇಲೆ ಕುಕ್ಕೆಗೆ ಅರ್ಧ ಗಂಟೆಯ ದಾರಿ. ಸರ್ಕಾರಿ ಬಸ್ಸು, ಜೀಪು, ಆಟೋ ಮೂರೂ ಉಂಟು. ತೊಂದರೆ ಇರುವುದು ಹೊಂದಾಣಿಕೆಯಲ್ಲಿ. ರೈಲು ಒಂದು ಗಂಟೆ ತಡವಾದರೆ ಬಸ್ಸು ಕಾಯುವುದಿಲ್ಲ. ಜೀಪಿನವರು ತುಂಬಿದ ಮೇಲೆ ಹೊರಡುತ್ತಾರೆ. ‘ಇನ್ನಿಬ್ಬರು ಬರಲಿ’ ಎಂಬ ಮಾತು ಕೇಳಲು ತಯಾರಿರಿ. ತಲೆಗೆ ಇಷ್ಟು ಎಂದೋ ಇಡೀ ಗಾಡಿಗೆ ಇಷ್ಟು ಎಂದೋ ಸಾಮಾನು ಏರಿಸುವ ಮೊದಲೇ ಮಾತಾಡಿಕೊಳ್ಳಿ. ನಾಲ್ಕೈದು ಮಂದಿ ಇದ್ದರೆ ಒಂದೇ ಗಾಡಿ ಮಾಡುವುದು ಲಾಭ. ಒಬ್ಬರೇ ಇದ್ದು ಹಗಲಾಗಿದ್ದರೆ ಬಸ್ಸಿಗೆ ಕಾಯುವುದೇ ಸರಿ. ಬೆಂಗಳೂರಿನ ಆ್ಯಪ್ ಟ್ಯಾಕ್ಸಿಗಳ ಲೆಕ್ಕ ಇಲ್ಲಿ ಹಾಕಬೇಡಿ. ಉಳಿಯುವ ಕಡೆಯವರಿಗೆ ಹಿಂದಿನ ದಿನವೇ ಫೋನ್ ಮಾಡಿ ಗಾಡಿ ಹೇಳಿಸಿಕೊಂಡರೆ ನಸುಕಿನ ಪರದಾಟ ಇರುವುದಿಲ್ಲ.

ಸೇವೆಗೆಂದು ಬರುವವರು ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಸರ್ಪಸಂಸ್ಕಾರ ಎರಡು ದಿನದ ಕಾರ್ಯ, ಮೊದಲೇ ಕಾಯ್ದಿರಿಸಬೇಕು, ಕುಕ್ಕೆಯಲ್ಲೇ ಉಳಿಯಬೇಕು. ಮೊದಲ ದಿನದ ಬೆಳಗಿನ ಹೊತ್ತಿಗೆ ಹಾಜರಿರಬೇಕಾದ್ದರಿಂದ ಅದೇ ಬೆಳಗಿನ ರೈಲನ್ನು ನಂಬಿ ಬರುವುದು ಜೂಜು. ಆಶ್ಲೇಷ ಬಲಿಯ ಬೆಳಗಿನ ತಂಡಕ್ಕೂ ಇದೇ ಮಾತು. ಹಿಂದಿನ ದಿನದ ಹಗಲು ರೈಲಿನಲ್ಲಿ ಬಂದು, ರಾತ್ರಿ ಉಳಿದು, ಬೆಳಗ್ಗೆ ಕುಮಾರಧಾರೆಯಲ್ಲಿ ಮಿಂದು ಹೋಗುವುದು ನಿಶ್ಚಿಂತೆ. ಬರೀ ದರ್ಶನಕ್ಕಾದರೆ ರಾತ್ರಿ ರೈಲು ಸಾಕು. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಬಾಗಿಲು ಹಾಕಿ ಮೂರೂವರೆಗೆ ತೆರೆಯುತ್ತಾರೆ ಎಂಬುದು ನೆನಪಿರಲಿ.

ಕುಮಾರ ಪರ್ವತ ಹತ್ತುವ ಹುಡುಗರು ಶನಿವಾರ ಬೆಳಗ್ಗೆ ಈ ಸ್ಟೇಷನ್ನಿನಲ್ಲಿ ಗುಂಪುಗುಂಪಾಗಿ ಇಳಿಯುತ್ತಾರೆ. 1,712 ಮೀಟರ್ ಎತ್ತರದ ಬೆಟ್ಟ, ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲೇ ಮೊದಲು ಪಡೆಯಬೇಕು, ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಇವರಲ್ಲೇ ಕೆಲವರಿಗೆ ಹಳಿಯ ಮೇಲೆ ಎಡಕುಮೇರಿಗೆ ನಡೆಯುವ ಆಸೆ. ಹಿಂದೆ ‘ಗ್ರೀನ್ ರೂಟ್’ ಎಂದು ಅದಕ್ಕೆ ದೊಡ್ಡ ಹೆಸರಿತ್ತು. ಹೋಗಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಅತಿಕ್ರಮಣ. ಆರು ತಿಂಗಳವರೆಗೆ ಸೆರೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಬದಿಗಿಟ್ಟರೂ, ತಿರುವಿನ ಸುರಂಗದೊಳಗೆ ಇಳಿದು ಬರುವ ಗಾಡಿಯ ಸದ್ದು ಯಾವ ಕಡೆಯದು ಎಂದು ತಿಳಿಯುವುದಿಲ್ಲ, ಸೇತುವೆಯ ಮೇಲೆ ಸರಿದು ನಿಲ್ಲಲು ಜಾಗ ಇರುವುದಿಲ್ಲ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸ್ಟೇಷನ್ನಿನ ವೇಳಾಪಟ್ಟಿಯನ್ನು ಅಂದಾಜು ಎಂದೇ ಓದಬೇಕು. ಕಡಿದಾದ ಗುಡ್ಡದ ಮೇಲೆ ಕೂತ ಮಣ್ಣು ವಾರಗಟ್ಟಲೆ ನೀರು ಕುಡಿದು ಭಾರವಾಗಿ ಜಾರುತ್ತದೆ. ಮಣ್ಣಿನ ಹಿಡಿತ ತಪ್ಪಿದ ಬಂಡೆ ಹಳಿಗೆ ಉರುಳುತ್ತದೆ. ಇನ್ನೊಂದು ಬಗೆಯದು ಇದಕ್ಕಿಂತ ಕೆಟ್ಟದ್ದು: ಹಳಿಯನ್ನು ಹೊತ್ತ ಏರಿಯೇ ಕೆಳಗೆ ಕುಸಿಯುವುದು. ಮೇಲಿನಿಂದ ಬಿದ್ದದ್ದನ್ನು ಯಂತ್ರ ತಂದು ಒಂದೆರಡು ದಿನದಲ್ಲಿ ತೆಗೆಯಬಹುದು. ಏರಿ ಹೋದರೆ ಕೆಳಗಿನಿಂದ ಕಟ್ಟಿಕೊಂಡು ಬರಬೇಕು, ಅದೂ ರಸ್ತೆಯಿಲ್ಲದ ಕಾಡಿನಲ್ಲಿ, ಕಲ್ಲು, ಬಲೆ, ಮಣ್ಣುಚೀಲ ಎಲ್ಲವನ್ನೂ ರೈಲಿನಲ್ಲೇ ಹೊತ್ತು ತಂದು. 2018ರ ಆಗಸ್ಟ್‌ನಲ್ಲಿ ಸಾಲುಸಾಲು ಕುಸಿತವಾಗಿ ವಾರಗಟ್ಟಲೆ ರೈಲು ನಿಂತಿತ್ತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಏರಿ ಕುಸಿದಾಗ ಪ್ರಯಾಣಿಕರ ರೈಲು ಮತ್ತೆ ಶುರುವಾಗಲು ಸುಮಾರು ಎರಡು ವಾರ ಹಿಡಿಯಿತು. ಶುರುವಾದ ಬೆನ್ನಿಗೇ ಸಕಲೇಶಪುರ–ಬಾಳ್ಳುಪೇಟೆ ಕಡೆ ಮತ್ತೆ ಮಣ್ಣು ಬಿತ್ತು.

ಈ ತಿಂಗಳುಗಳಲ್ಲಿ ಗ್ಯಾಂಗಿನವರು, ಅಂದರೆ ಹಳಿ ನೋಡಿಕೊಳ್ಳುವ ಕೆಲಸಗಾರರು, ಹಗಲೂ ರಾತ್ರಿ ಟಾರ್ಚು, ಬಾವುಟ, ಹಳಿಯ ಮೇಲಿಟ್ಟು ಚಾಲಕನನ್ನು ಎಚ್ಚರಿಸುವ ಪಟಾಕಿ ಸಿಗ್ನಲ್ ಹಿಡಿದು ಹಳಿ ಕಾಯುತ್ತಾರೆ. ನಿಮ್ಮ ರೈಲು ಸಿರಿಬಾಗಿಲಿನಲ್ಲಿ ಕಾರಣವಿಲ್ಲದೆ ನಿಂತಂತೆ ಕಂಡರೆ, ಮುಂದಿನ ತುಂಡು ನಡೆದು ನೋಡಿ ಬಂದವರ ಮಾತಿಗಾಗಿ ಕಾಯುತ್ತಿರುವ ಸಾಧ್ಯತೆಯೇ ಹೆಚ್ಚು. ಈ ವಿಷಯದಲ್ಲಿ ರೈಲ್ವೆಗೆ ಪೂರ್ತಿ ಅಂಕ ಕೊಡಬೇಕು. ಮಾಹಿತಿ ಕೊಡುವುದರಲ್ಲಿ ಅಷ್ಟು ಕೊಡಲಾಗದು. ತಡವಾದ ರೈಲಿನಲ್ಲಿ ಕೂತವರಿಗೆ ಯಾಕೆ ತಡ ಎಂಬುದು ತಿಳಿಯುವುದೇ ಕೊನೆಯಲ್ಲಿ.

ಹಾಗಾದಾಗ ಮಾಡಬೇಕಾದದ್ದು ಇಷ್ಟು. ಹೊರಡುವ ಮೊದಲು ರೈಲು ಎಲ್ಲಿದೆ ಎಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಅಥವಾ 139ಕ್ಕೆ ಕರೆ ಮಾಡಿ ರೈಲಿನ ಸ್ಥಿತಿ ನೋಡಿ. ರೈಲ್ವೆಯೇ ರೈಲು ರದ್ದು ಮಾಡಿದರೆ ಆನ್‌ಲೈನ್ ಟಿಕೆಟಿನ ಪೂರ್ತಿ ಹಣ ತಾನಾಗಿ ಖಾತೆಗೆ ಬರುತ್ತದೆ. ನೀವು ಮುಂಚೆಯೇ ಗಾಬರಿಯಾಗಿ ರದ್ದು ಮಾಡಿದರೆ ಕಡಿತ ಬೀಳುತ್ತದೆ. ನೀವು ಹತ್ತುವ ಸ್ಟೇಷನ್‌ಗೆ ರೈಲು 3 ಗಂಟೆಗಿಂತ ತಡವಾಗಿ ಬರುವಂತಿದ್ದು ಪ್ರಯಾಣ ಬೇಡವೆನಿಸಿದರೆ, ಅದು ಅಲ್ಲಿಂದ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸು ಕೇಳುವ ಅರ್ಜಿ) ಹಾಕಬೇಕು. ಹೊರಟ ಮೇಲೆ ಹಾಕಿದರೆ ಹಣ ಕೈಬಿಟ್ಟಂತೆ. ಕೌಂಟರ್ ಟಿಕೆಟ್ಟಾದರೆ ಕೌಂಟರಿಗೇ ಒಯ್ಯಬೇಕು. ರಸ್ತೆಯನ್ನು ಪರ್ಯಾಯ ಎಂದುಕೊಂಡವರಿಗೆ ಇನ್ನೊಂದು ಎಚ್ಚರ: ರೈಲು ಹಳಿಗೆ ಮಣ್ಣು ಬೀಳುವ ಮಳೆಗೆ ಎದುರು ಬದಿಯ ಶಿರಾಡಿ ಘಾಟಿಯೂ ಸುಮ್ಮನಿರುವುದಿಲ್ಲ. ಆಗ ಚಾರ್ಮಾಡಿಯೋ, ಮಡಿಕೇರಿ–ಸಂಪಾಜೆಯೋ ತೆರೆದಿದೆಯೇ ಎಂದು ಕೇಳಿಕೊಂಡು ಹೊರಡಬೇಕು.

2025ರ ಜೂನ್ 1ರಿಂದ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ ಘಾಟಿಯಲ್ಲಿ ವಿದ್ಯುತ್ ತಂತಿ ಎಳೆದರು. ನವೆಂಬರ್‌ವರೆಗೆ ಎಂದದ್ದು ಅದರಾಚೆಗೂ ಹೋಯಿತು. ಸುರಂಗದೊಳಗೆ 25,000 ವೋಲ್ಟಿನ ತಂತಿಗೆ ಮೇಲೆ ಕೆಳಗೆ ಸಾಕಷ್ಟು ಅಂತರ ಹೊಂದಿಸುವುದು, ಬಂಡೆಗೆ ಬ್ರಾಕೆಟ್ ಕೂರಿಸುವುದು, ಎಲ್ಲವನ್ನೂ ಗಾಡಿ ಓಡದ ಕೆಲವೇ ಗಂಟೆಗಳಲ್ಲಿ ಮಾಡುವುದು ಸಣ್ಣ ಕೆಲಸವಲ್ಲ. ಪ್ರಯಾಣಿಕರಿಗೆ ಇದರಿಂದ ಸಿಗುವ ದೊಡ್ಡ ಲಾಭ ಸುರಂಗದಲ್ಲಿ ಡೀಸೆಲ್ ಹೊಗೆ ಇಲ್ಲದಿರುವುದು. ಹಿಂದಿನ ಬೋಗಿಗಳಲ್ಲಿ ಕೂತು ಏರುವಾಗ ಬ್ಯಾಂಕರಿನ ಹೊಗೆ ಕುಡಿದವರಿಗೆ ಇದರ ಬೆಲೆ ಗೊತ್ತು. ವೇಗ ಹೆಚ್ಚುತ್ತದೆ ಎಂದು ಮಾತ್ರ ಕಾಯಬೇಡಿ. ತಿರುವು, ಏರು, ಒಂಟಿ ಹಳಿ ಮೊದಲಿದ್ದ ಹಾಗೆಯೇ ಇವೆ. ಎಂಜಿನ್ ಯಾವುದೇ ಆಗಲಿ, ಹಿಂದಿನಿಂದ ದೂಡುವವರು ಬೇಕು, ಬ್ರೇಕ್ ಪರೀಕ್ಷೆ ಆಗಲೇಬೇಕು.

ನಿಲ್ದಾಣಗಳನ್ನು ನವೀಕರಿಸುವ ಅಮೃತ್ ಭಾರತ್ ಯೋಜನೆಯ ಪಟ್ಟಿಯಲ್ಲಿ ಮೈಸೂರು ವಿಭಾಗದಿಂದ ಈ ಸ್ಟೇಷನ್ನಿನ ಹೆಸರೂ ಇದೆ. ಮುಖಮಂಟಪ, ದೀಪ, ಬಣ್ಣ ಬರಲಿ, ಬೇಡವೆನ್ನುವವರು ಯಾರು. ಈ ಊರಿಗೆ ಅದಕ್ಕಿಂತ ಮೊದಲು ಬೇಕಾದದ್ದು ಬೇರೆ: ಮಳೆ ಓರೆಯಾಗಿ ಹೊಡೆಯುವ ಈ ಜಾಗದಲ್ಲಿ ಪ್ಲಾಟ್‌ಫಾರಂನ ಪೂರ್ತಿ ಉದ್ದಕ್ಕೂ ಮಾಡು, ಯಾಕೆಂದರೆ ಜನರಲ್ ಬೋಗಿಗಳು ನಿಲ್ಲುವುದು ತುದಿಗಳಲ್ಲಿ; ನಸುಕಿನ ರೈಲಿಗೆ ಇಳಿಯುವ ಹೆಂಗಸರು ಮಕ್ಕಳು ಬೆಳಗಾಗುವವರೆಗೆ ಧೈರ್ಯವಾಗಿ ಕೂರುವಂಥ, ಬೀಗ ಹಾಕದ ವೇಟಿಂಗ್ ರೂಮು, ಮತ್ತು ಬೆಳಗಿನ ಎರಡು ರೈಲು ನಿಜವಾಗಿ ಬಂದ ಮೇಲೆಯೇ ಹೊರಡುವ ಒಂದು ಸರ್ಕಾರಿ ಬಸ್ಸು. ಮೂರನೆಯದಕ್ಕೆ ಕಟ್ಟಡ ಬೇಡ, ಕೋಟಿ ಬೇಡ. ಸ್ಟೇಷನ್ ಮಾಸ್ಟರಿನಿಂದ ಬಸ್ ಡಿಪೋಗೆ ದಿನಕ್ಕೆ ಎರಡು ಫೋನ್ ಕರೆ ಸಾಕು.